ಬೆರಳುದ್ದದ ಮೀನು ಸಾಕುವ ದ್ವೀಪ

ಮಂಗಳೂರಿನ ಹಳೇ ಬಂದರಿನಲ್ಲಿ ‘ದ್ವೀಪ’ ಎಂದರೆ ಒಂದೇ ಅರ್ಥ. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ದಕ್ಕೆಗೆ ಹೋಗಿ ನೋಡಿ, ಮರದ ಮಂಜಿಗಳು ಸಾಲಾಗಿ ನಿಂತಿರುತ್ತವೆ. ಅಕ್ಕಿ ಮೂಟೆ, ನೀರುಳ್ಳಿ, ಬಟಾಟೆ, ಸಿಮೆಂಟು, ಜಲ್ಲಿ ಹೀಗೆ ಊಟಕ್ಕೂ ಮನೆಗೂ ಬೇಕಾದ್ದೆಲ್ಲ ಮಂಜಿಯ ಹೊಟ್ಟೆ ಸೇರುತ್ತದೆ. “ಇದೆಲ್ಲ ಎಲ್ಲಿಗೆ?” ಎಂದು ಕೇಳಿದರೆ ಹೊರುವವರು ತಲೆಯೆತ್ತದೆ “ದ್ವೀಪಕ್ಕೆ” ಅನ್ನುತ್ತಾರೆ. ಅದು ಲಕ್ಷದ್ವೀಪ.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರಲ್ಲಿ ಯಾರಾದರೂ 1956ಕ್ಕೆ ಮೊದಲು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದವರಿದ್ದರೆ, ಲಕ್ಷದ್ವೀಪದ ಒಂದು ಭಾಗ ಅವರ ಜಿಲ್ಲೆಯೇ ಆಗಿತ್ತು ಎಂದು ಅವರಿಗೆ ನೆನಪಿಸಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ದ್ವೀಪಗಳು ಆಗ ಸೌತ್ ಕೆನರಾಕ್ಕೆ ಸೇರಿದ್ದವು. ಅದಕ್ಕೂ ಹಿಂದೆ, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಅಮಿನಿಯ ಜನ ಕಣ್ಣಾನೂರಿನ ಅರಕ್ಕಲ್ ಬೀಬಿಯ ಆಳ್ವಿಕೆಗೆ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕಿದ್ದರು. ಅಲ್ಲಿಂದ ತೆಂಗಿನ ನಾರಿನ ಹುರಿ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. 1956ರ ನವೆಂಬರ್ 1ರಂದು ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದಾಗ ದ್ವೀಪಗಳೆಲ್ಲ ಒಟ್ಟಾಗಿ ಕೇಂದ್ರಾಡಳಿತ ಪ್ರದೇಶವಾದವು. ಹುರಿಯ ವ್ಯಾಪಾರ ಕಡಿಮೆಯಾಯಿತು. ಅಕ್ಕಿ ಮಾತ್ರ ಇನ್ನೂ ಹೋಗುತ್ತಲೇ ಇದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಾವ ಊರಿಗೆ ಹೋದರೂ ಆ ಊರಿನ ಜಮೆ ಎಷ್ಟು, ಖರ್ಚು ಎಷ್ಟು ಎಂದು ಮನಸ್ಸಿನಲ್ಲೇ ಕೂಡಿಸಿ ಕಳೆಯುವ ಚಾಳಿ ನಿವೃತ್ತಿಯಾಗಿ ಹದಿನೈದು ವರ್ಷ ಕಳೆದರೂ ಬಿಟ್ಟಿಲ್ಲ. ಲಕ್ಷದ್ವೀಪದ ಲೆಕ್ಕ ಹೀಗಿದೆ. ದ್ವೀಪಗಳು 36, ಜನ ವಾಸಿಸುವುದು ಹತ್ತರಲ್ಲಿ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಇಷ್ಟು ಜನಕ್ಕೆ ಇರುವ ನೆಲ 32 ಚದರ ಕಿಲೋಮೀಟರ್. ಮಂಗಳೂರು ಮಹಾನಗರಪಾಲಿಕೆಯೊಳಗೆ ನಾಲ್ಕು ಲಕ್ಷದ್ವೀಪ ಹಿಡಿಸಬಹುದು! ಆ ನೆಲವೂ ಬರೀ ಹವಳದ ಮರಳು. ಹೊಳೆಯಿಲ್ಲ, ಗುಡ್ಡವಿಲ್ಲ, ಗದ್ದೆಯಿಲ್ಲ. ತೆಂಗು ಚೆನ್ನಾಗಿ ಬರುತ್ತದೆ. ಉಳಿದದ್ದೆಲ್ಲ ಹಡಗಿನಿಂದ ಇಳಿಯಬೇಕು. ಹಾಗಾದರೆ ದ್ವೀಪದವರ ತಟ್ಟೆಯಲ್ಲಿ ಅವರದೇ ಅನ್ನಬಹುದಾದ್ದು ಏನಿದೆ? ತೆಂಗಿನಕಾಯಿ ಮತ್ತು ಮೀನು. ಜೋರು ಗಾಳಿ ಬೀಸಿ ವಾರಗಟ್ಟಲೆ ಹಡಗು ಬಾರದಿದ್ದರೆ ಮನೆಯವರನ್ನು ಕಾಯುವುದು ಈ ಎರಡೇ.

ಈ ಮೀನಿನ ಲೆಕ್ಕ ನೋಡಲೆಂದೇ ಕಳೆದ ಜನವರಿಯಲ್ಲಿ ನಾನು, ನನ್ನಾಕೆ, ಆರನೇ ಕ್ಲಾಸಿನ ಮೊಮ್ಮಗಳು ಅಗತ್ತಿ ದ್ವೀಪಕ್ಕೆ ಹೋಗಿ ಐದು ದಿನ ಇದ್ದು ಬಂದೆವು. ಲಕ್ಷದ್ವೀಪಕ್ಕೆ ಹೋಗಲು ಪರವಾನಗಿ ಬೇಕು. ಅದರ ಅರ್ಜಿ ತುಂಬುವ ಕೆಲಸ ನನಗೆ ಹಬ್ಬದಂತಿತ್ತು, ಮನೆಯವರಿಗೆ ಅಲ್ಲ. ಕೊಚ್ಚಿಯಿಂದ ಸಣ್ಣ ವಿಮಾನ. ಒಂದೂವರೆ ಗಂಟೆ ಬರೀ ನೀಲಿ ನೋಡಿ ಬೇಸರ ಬರುವಷ್ಟರಲ್ಲಿ ಮೊಮ್ಮಗಳು “ಅಜ್ಜ, ಯಾರೋ ಕಡಲಲ್ಲಿ ಬಣ್ಣ ಚೆಲ್ಲಿದ್ದಾರೆ!” ಎಂದಳು. ಕಡುನೀಲಿಯ ನಡುವೆ ತಿಳಿಹಸಿರು ನೀರಿನ ಒಂದು ದೊಡ್ಡ ಕೊಳ, ಅದರ ಸುತ್ತ ಬಿಳಿ ನೊರೆಯ ಗೆರೆ, ಒಂದು ಅಂಚಿನಲ್ಲಿ ಬೆಂಡೆಕಾಯಿಯಂತೆ ಉದ್ದಕ್ಕೆ ಮಲಗಿದ ದ್ವೀಪ. ತುದಿಯಲ್ಲಿ ರನ್‌ವೇ. ಎರಡೂ ಬದಿಗೆ ನೀರು. ವಿಮಾನ ಇಳಿಯುವಾಗ ನನ್ನಾಕೆ ಕಣ್ಣು ಮುಚ್ಚಿ ಕುಳಿತವಳು ನಿಂತ ಮೇಲೆಯೇ ತೆರೆದದ್ದು.

ಆ ಬಿಳಿ ಗೆರೆಯೇ ಹವಳದ ದಿಬ್ಬ. ಒಳಗಿನ ತಿಳಿನೀರಿಗೆ ಲಗೂನ್ ಎನ್ನುತ್ತಾರೆ. ಲಕ್ಷದ್ವೀಪದಲ್ಲಿ ನೆಲ 32 ಚದರ ಕಿಲೋಮೀಟರ್ ಆದರೆ ಲಗೂನು ಸುಮಾರು 4,200 ಚದರ ಕಿಲೋಮೀಟರ್. ನೆಲದ ನೂರಮೂವತ್ತು ಪಟ್ಟು! ಗದ್ದೆಯಿಲ್ಲ ಎಂದೆನಲ್ಲ, ಅವರ ಗದ್ದೆ ಇದು.

ಹವಳ ಎಂದರೆ ಅಜ್ಜಿಯ ಸರದಲ್ಲಿರುವ ಕೆಂಪು ಮಣಿ ಎಂದಷ್ಟೇ ನಮ್ಮ ಮೊಮ್ಮಗಳಿಗೆ ಗೊತ್ತಿತ್ತು. ಅಲ್ಲಿ ಅವಳಿಗೆ ಮುಖಕ್ಕೆ ಗಾಜಿನ ಕವಚ ಹಾಕಿ ಸೊಂಟದೆತ್ತರದ ನೀರಿನಲ್ಲಿ ಮುಖ ಮುಳುಗಿಸಿ ತೋರಿಸಿದರು. ಹವಳ ಗಿಡವಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ಸಾಸಿವೆಯಿಂದ ಹಿಡಿದು ಕಡಲೆಕಾಳಿನಷ್ಟು ದೊಡ್ಡ ಮೆತ್ತಗಿನ ಜೀವಿಗಳು ಲಕ್ಷಗಟ್ಟಲೆ ಒಟ್ಟಾಗಿ, ಕಡಲ ನೀರಿನಿಂದ ಸುಣ್ಣ ಹೀರಿ ಮನೆ ಕಟ್ಟಿಕೊಳ್ಳುತ್ತವೆ. ಈ ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ. ಹವಳಕ್ಕೆ ಬಣ್ಣ ಬರುವುದೂ ಬಹುಪಾಲು ಈ ಬಾಡಿಗೆದಾರನಿಂದಲೇ. ಕಡಲಿನಲ್ಲಿ ಮುಳುಗಿಹೋದ ಹಳೆಯ ಅಗ್ನಿಪರ್ವತಗಳ ನೆತ್ತಿಯ ಮೇಲೆ ಇಂತಹ ಸುಣ್ಣದ ಮನೆಗಳು ಒಂದರ ಮೇಲೊಂದು ಏರಿ ಉಂಗುರದಂತಹ ದಿಬ್ಬಗಳಾಗುತ್ತವೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಬರೆದಿದ್ದ.

ಮಕ್ಕಳಿಗೆ ಖುಷಿಯಾಗುವ ಒಂದು ಸಂಗತಿ ಹೇಳಿಬಿಡುತ್ತೇನೆ. ಅಲ್ಲಿ ಗಿಳಿಮೀನು ಎಂಬುದೊಂದಿದೆ. ಹಸಿರು ನೀಲಿ ಮೈ, ಗಿಳಿಯ ಕೊಕ್ಕಿನಂತಹ ಬಾಯಿ. ಅದು ಹವಳದ ಕಲ್ಲಿಗೆ ಅಂಟಿದ ಪಾಚಿಯನ್ನು ಕಲ್ಲಿನ ಸಮೇತ ಕರಕರ ಕಡಿದು ತಿನ್ನುತ್ತದೆ. ನೀರಿನಲ್ಲಿ ಕಿವಿಗೊಟ್ಟರೆ ಆ ಸದ್ದು ಕೇಳುತ್ತದೆ. ಪಾಚಿ ಹೊಟ್ಟೆಗೆ ಹೋಗುತ್ತದೆ, ಕಲ್ಲು ಪುಡಿಯಾಗಿ ಹಿಂದಿನಿಂದ ಬೀಳುತ್ತದೆ. ಒಂದು ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಹೀಗೆ ಮಾಡಬಲ್ಲದು. ನಾವು ಚಾಪೆ ಹಾಸಿ ಕುಳಿತು ಚಹಾ ಕುಡಿದ ಆ ಹಾಲುಬಣ್ಣದ ಮರಳಿನಲ್ಲಿ ಒಳ್ಳೆಯ ಪಾಲು ಮೀನಿನ ಹೊಟ್ಟೆಯಿಂದ ಬಂದದ್ದು ಎಂದು ತಿಳಿದ ಮೇಲೆ ಮೊಮ್ಮಗಳು ನಕ್ಕ ನಗು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ನನ್ನಾಕೆ ಚಾಪೆ ಕೊಡವಿ ಎದ್ದಳು.

ನಗುವಿನ ಹಿಂದೆ ಲೆಕ್ಕವೂ ಇದೆ. ಗಿಳಿಮೀನು ಪಾಚಿ ತಿಂದು ಕಲ್ಲನ್ನು ಚೊಕ್ಕಟ ಇಟ್ಟರೆ ಮಾತ್ರ ಹೊಸ ಹವಳದ ಮರಿ ಅಲ್ಲಿ ಬೇರೂರುತ್ತದೆ. ದಿಬ್ಬ ಗಟ್ಟಿಯಾಗಿದ್ದರೆ ಹೊರಗಡಲಿನ ಅಲೆ ಅಲ್ಲೇ ಮುರಿದು ಬೀಳುತ್ತದೆ. ಇಲ್ಲವಾದರೆ ಅಲೆ ನೇರ ಅಂಗಳಕ್ಕೆ. ದ್ವೀಪದಲ್ಲಿ ಬಾವಿಗಳಿವೆ, ಸುತ್ತ ಉಪ್ಪುನೀರು ಇರುವಾಗ ಸಿಹಿನೀರು ಎಲ್ಲಿಂದ ಬಂತು? ಮಳೆಯ ನೀರು ಮರಳಿನಲ್ಲಿ ಇಂಗಿ ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ, ಸಾರಿನ ಮೇಲೆ ತುಪ್ಪ ತೇಲಿದ ಹಾಗೆ. ಕಡಲು ಒಳನುಗ್ಗಿದರೆ ತುಪ್ಪ ಕಲಕಿಹೋಗುತ್ತದೆ. ಹೀಗೆ ಕುಡಿಯುವ ನೀರಿಗೂ ಹವಳವೇ ಕಾವಲು.

ಈಗ ಊಟದ ವಿಷಯಕ್ಕೆ ಬರೋಣ. ದ್ವೀಪದವರ ಮುಖ್ಯ ಮೀನು ಟ್ಯೂನಾ. ನಮ್ಮಲ್ಲಿ ಕೇದರ ಎನ್ನುತ್ತೇವೆ, ಅಲ್ಲಿ ಚೂರ. ಬೆನ್ನು ಉಕ್ಕಿನ ನೀಲಿ, ಹೊಟ್ಟೆಯ ಮೇಲೆ ಕಪ್ಪು ಪಟ್ಟೆ, ಎರಡು ಮೂರು ಕಿಲೋ ತೂಕದ ಗಟ್ಟಿ ಮೀನು. ಇದು ಹೊರಗಡಲಿನಲ್ಲಿ ಹಿಂಡುಗಟ್ಟಿ ಓಡುವ ಜಾತಿ. ಹವಳದ ದಿಬ್ಬದಲ್ಲಿ ವಾಸ ಮಾಡುವುದಿಲ್ಲ. ಹಾಗಾದರೆ ಹವಳಕ್ಕೂ ಇದಕ್ಕೂ ಏನು ನಂಟು? ನನಗೂ ಈ ಪ್ರಶ್ನೆ ಇತ್ತು. ಉತ್ತರ ಸಿಕ್ಕಿದ್ದು ಬೋಟಿನ ಮೇಲೆ.

ನನ್ನ ಕಾಲೇಜಿನ ಗೆಳೆಯನೊಬ್ಬ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದ. ಉಡುಪಿಯಲ್ಲಿ ಹುಟ್ಟಿ, ಆಮೇಲೆ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದ ಆ ಬ್ಯಾಂಕು ಬಹುಕಾಲ ಲಕ್ಷದ್ವೀಪದ ಲೀಡ್ ಬ್ಯಾಂಕು. ಗೆಳೆಯ ಅಲ್ಲಿ ಮೂರು ವರ್ಷ ದುಡಿದು ಬಂದಿದ್ದ. ಅವನ ಪರಿಚಯದ ಮೇಲೆ ಒಬ್ಬ ಹಿರಿಯ ಬೋಟಿನವರು ನಮ್ಮನ್ನು ಕರೆದುಕೊಂಡು ಹೋಗಲು ಒಪ್ಪಿದರು. ಬೋಟಿನ ಮುಖ್ಯಸ್ಥನಿಗೆ ನಮ್ಮ ಕರಾವಳಿಯಲ್ಲಿ ತಂಡೇಲ ಎನ್ನುತ್ತಾರೆ. ಮೊಮ್ಮಗಳು ಅವರನ್ನು ತಂಡೇಲಜ್ಜ ಎಂದೇ ಕರೆದಳು. ಅವರ ಮಾತು ಮಲಯಾಳದ ಒಂದು ಬಗೆ. ನನ್ನದು ಬಂದರಿನ ಬ್ಯಾರಿಗಳ ಜೊತೆ ಕಲಿತ ಹರಕು ಭಾಷೆ. ಹೇಗೋ ನಡೆಯಿತು. “ಎಪ್ಪತ್ತೆರಡರ ಪ್ರಾಯದಲ್ಲಿ ನಿಮಗೆ ಇದೆಲ್ಲ ಬೇಕಾ?” ಎಂದು ನನ್ನಾಕೆ ದಡದಲ್ಲೇ ನಿಂತಳು.

ಬೆಳಗಿನ ಆರು ಗಂಟೆ. ಬೋಟು ನೇರ ಕಡಲಿಗೆ ಹೋಗಲಿಲ್ಲ. ಲಗೂನಿನೊಳಗೆ ಒಂದು ಕಡೆ ನಿಂತಿತು. ನಾಲ್ವರು ನೀರಿಗಿಳಿದರು. ನುಣುಪು ಕಣ್ಣಿನ ಬಲೆಯನ್ನು ಮರಳಿನ ಮೇಲೆ ಹಾಸಿ, ಮೀನಿನ ಮಾಂಸ ಅರೆದು ನೀರಿಗೆ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಬೆರಳುದ್ದದ, ಬೆಳ್ಳಿಯ ಗೆರೆಯ ಮರಿಮೀನಿನಂತಹವು ಮೋಡದ ಹಾಗೆ ಕವಿದವು. ಬಲೆಯ ನಾಲ್ಕು ಮೂಲೆ ಮೇಲೆದ್ದಿತು. ಇವಕ್ಕೆ ಅಲ್ಲಿ ಚಾಳ ಎಂದು ಹೆಸರು. ಮರಿಗಳಲ್ಲ, ಬೆಳೆದರೂ ಅಷ್ಟೇ ಗಾತ್ರ. ಚಾಳವೆಂದರೆ ಒಂದೇ ಜಾತಿಯಲ್ಲ. ಕೆಲವು ತಿಳಿನೀರಿನಲ್ಲಿ ತೇಲಾಡುವವು, ಇನ್ನು ಕೆಲವು ಕವಲೊಡೆದ ಹವಳದ ಕೊಂಬೆಗಳ ನಡುವೆ ಗುಬ್ಬಚ್ಚಿಗಳಂತೆ ಅಡಗಿ ಬದುಕುವವು. ಹವಳ ಸತ್ತರೆ ಇವಕ್ಕೆ ಮನೆಯಿಲ್ಲ. ಹಿಡಿದ ಚಾಳವನ್ನು ಸಾಯಿಸದೆ ಬೋಟಿನ ಹೊಟ್ಟೆಯಲ್ಲಿರುವ ತೊಟ್ಟಿಗೆ ಬಿಟ್ಟರು. ತೊಟ್ಟಿಯ ತಳದಲ್ಲಿ ತೂತುಗಳಿವೆ. ಬೋಟು ಮುಳುಗುವುದಿಲ್ಲವೇ ಎಂದು ಮೊಮ್ಮಗಳಿಗೆ ದಿಗಿಲು. ತೊಟ್ಟಿಯನ್ನು ಬೋಟಿನ ಉಳಿದ ಭಾಗದಿಂದ ಬೇರೆಯಾಗಿ ಬಿಗಿಯಾಗಿ ಕಟ್ಟಿರುತ್ತಾರೆ. ಕಡಲ ನೀರು ಅಲ್ಲಿ ಒಳಗೆ ಬಂದು ಹೊರಗೆ ಹೋಗುತ್ತಿರುತ್ತದೆ, ಚಾಳ ಜೀವಂತ ಉಳಿಯುತ್ತದೆ.

ಆಮೇಲೆ ದಿಬ್ಬದ ಕಿಂಡಿ ದಾಟಿ ಹೊರಗಡಲು. ನೀರಿನ ಬಣ್ಣ ಒಮ್ಮೆಲೇ ಶಾಯಿಯಾಯಿತು. ತಂಡೇಲಜ್ಜ ನೀರು ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಕಡಲಹಕ್ಕಿಗಳು ಗುಂಪಾಗಿ ಎಲ್ಲಿ ಎರಗುತ್ತವೋ ಅಲ್ಲಿ ಕೆಳಗೆ ಚೂರದ ಹಿಂಡು. ಒಂದೂವರೆ ಗಂಟೆ ತಿರುಗಿದ ಮೇಲೆ ಹಕ್ಕಿಗಳು ಸಿಕ್ಕವು. ಬೋಟಿನ ಹಿಂಭಾಗದ ಹಲಗೆಯ ಮೇಲೆ ಏಳು ಜನ ಉದ್ದನೆಯ ಗಳ ಹಿಡಿದು ಸಾಲಾಗಿ ನಿಂತರು. ಒಬ್ಬ ತೊಟ್ಟಿಯಿಂದ ಚಾಳವನ್ನು ಹಿಡಿಹಿಡಿಯಾಗಿ ಎರಚಿದ. ಇನ್ನೊಂದು ಬದಿಯಿಂದ ನೀರಿನ ತುಂತುರು. ತುಂತುರು ಬಿದ್ದಾಗ ಕಡಲ ಮೇಲ್ಮೈ ಸಣ್ಣ ಮೀನು ನೆಗೆದಂತೆ ಕಾಣುತ್ತದೆ. ಚೂರಗಳಿಗೆ ಹಸಿವಿನ ಹುಚ್ಚು ಹಿಡಿಯಿತು. ನೀರು ಕುದಿಯತೊಡಗಿತು. ಗಾಳಕ್ಕೆ ಎರೆಯೇ ಇಲ್ಲ! ಹೊಳೆಯುವ ಬರಿಗಾಳ. ಹುಚ್ಚಿನಲ್ಲಿ ಮೀನು ಅದನ್ನೂ ಕಚ್ಚುತ್ತದೆ. ಕಚ್ಚಿದ ಕೂಡಲೇ ಗಳ ಮೇಲೇಳುತ್ತದೆ, ಮೀನು ಮೀನುಗಾರನ ತಲೆಯ ಮೇಲಿಂದ ಹಾರಿ ಬೋಟಿನೊಳಗೆ ಧೊಪ್ಪೆಂದು ಬೀಳುತ್ತದೆ. ನಮ್ಮ ಗಾಳದಲ್ಲಿ ಇರುವ ಹಿಮ್ಮುಳ್ಳು ಆ ಗಾಳದಲ್ಲಿ ಇಲ್ಲ. ಹಾಗಾಗಿ ಮೀನು ತಾನೇ ಕಳಚಿಕೊಳ್ಳುತ್ತದೆ, ಗಳ ಮತ್ತೆ ನೀರಿಗೆ. ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಹಿಂಡು ಆಳಕ್ಕೆ ಇಳಿದಿತ್ತು. ಮೊಮ್ಮಗಳು ತೊಂಬತ್ತೆರಡು ಮೀನು ಎಣಿಸಿದ್ದಳು, ಮಧ್ಯೆ ಲೆಕ್ಕ ತಪ್ಪಿತು ಎಂದು ಅವಳಿಗೆ ಅನುಮಾನ.

ತೊಂಬತ್ತೆರಡೂ ಚೂರವೇ. ಒಂದು ಆಮೆ ಇಲ್ಲ, ಡಾಲ್ಫಿನ್ ಇಲ್ಲ, ಬೇಡದ ಮರಿಮೀನಿನ ರಾಶಿ ಇಲ್ಲ. ದೊಡ್ಡ ಬಲೆ ಎಳೆದರೆ ಬೇಕಾದ್ದು ಬೇಡದ್ದು ಎಲ್ಲ ಬರುತ್ತದೆ. ಗಳದಲ್ಲಿ ಒಂದೊಂದೇ. ಉಡುಪಿ ಕಡೆಯವರಿಗೆ ಪಿಗ್ಮಿ ಠೇವಣಿ ನೆನಪಿರಬೇಕು. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಯೋಜನೆ, ಮನೆಮನೆಗೆ ಬಂದು ಚಿಲ್ಲರೆ ಸೇರಿಸಿ ಊರಿಗೊಂದು ಬ್ಯಾಂಕು ಕಟ್ಟಿತ್ತು. ಈ ಮೀನುಗಾರಿಕೆಯೂ ಅದೇ ಜಾತಿಯದು. ಚೂರ ಬೇಗ ಬೆಳೆಯುವ ಮೀನು, ಒಂದು ಒಂದೂವರೆ ವರ್ಷಕ್ಕೇ ಮೊಟ್ಟೆಯಿಡುತ್ತದೆ, ವರ್ಷವಿಡೀ ಇಡುತ್ತದೆ. ಗಳದಲ್ಲಿ ತೆಗೆದಷ್ಟನ್ನು ಕಡಲು ತುಂಬಿಸಿಕೊಳ್ಳುತ್ತದೆ.

ಈ ಕಸುಬು ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ದ್ವೀಪದಲ್ಲಿ ಹಿಂದಿನಿಂದಲೂ ಇತ್ತು, ನೆರೆಯ ಮಾಲ್ಡೀವ್ಸ್‌ನಲ್ಲೂ. 1960ರ ದಶಕದಲ್ಲಿ ಮೀನುಗಾರಿಕಾ ಇಲಾಖೆ ಯಂತ್ರದ ಬೋಟುಗಳನ್ನು ತಂದು ಅಗತ್ತಿ ಮೊದಲಾದ ದ್ವೀಪಗಳಿಗೂ ಇದನ್ನು ಕಲಿಸಿತು. ಸರಕಾರ ಮಾಡಿದ ಒಳ್ಳೆಯ ಕೆಲಸಗಳನ್ನು ನಾವು ಬೇಗ ಮರೆಯುತ್ತೇವೆ, ಆದ್ದರಿಂದ ಬರೆದೆ. ಇದರಿಂದ ಆದ ದೊಡ್ಡ ಲಾಭ ಏನೆಂದರೆ ಗಂಡಸರೆಲ್ಲ ಹೊರಗಡಲಿನ ಚೂರಕ್ಕೆ ಹೊರಟರು, ಹವಳದ ದಿಬ್ಬದ ಮೀನುಗಳಿಗೆ ವಿಶ್ರಾಂತಿ ಸಿಕ್ಕಿತು. ಮುರು, ಗಿಳಿಮೀನು ಮುಂತಾದ ದಿಬ್ಬದ ಮೀನುಗಳು ದ್ವೀಪದವರಿಗೆ ಮಳೆಗಾಲದ ಗಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಬೋಟು ಹೊರಗೆ ಹೋಗುವಂತಿಲ್ಲ, ಹಡಗೂ ಅಪರೂಪ. ಆಗ ಲಗೂನಿನಲ್ಲಿ ಕೈಗಾಳ ಹಾಕಿ, ಇಳಿತದ ಹೊತ್ತಿಗೆ ದಿಬ್ಬದ ಮೇಲೆ ನಡೆದು ಅಷ್ಟಪಾದಿ ಹಿಡಿದು ಮನೆಯ ಪಾತ್ರೆ ತುಂಬಿಸುತ್ತಾರೆ. ಹೆಂಗಸರು ಮಕ್ಕಳಿಗೂ ಕೈಗೆಟಕುವ ಮೀನು ಅದು.

ಹೊತ್ತು ನೆತ್ತಿಗೇರುವಷ್ಟರಲ್ಲಿ ಮರಳಿ ದಡ. ಮಾರುವ ಮೀನು ತೂಕಕ್ಕೆ ಹೋಗುವ ಮೊದಲೇ ಬೋಟಿನ ಪ್ರತಿಯೊಬ್ಬ ತನ್ನ ಮನೆಗೆಂದು ಮೀನು ಎತ್ತಿಟ್ಟುಕೊಂಡ. ಎರಡು ಮೀನನ್ನು ಒಬ್ಬ ಹುಡುಗ ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಕಡಲಿಗೆ ಹೋಗುವ ಗಂಡಸರಿಲ್ಲದ ಮನೆಗಳಿಗೆ ಅಂತೆ. ಇದಕ್ಕೆ ಚೀಟಿಯಿಲ್ಲ, ಸಹಿಯಿಲ್ಲ. ಉಳಿದದ್ದರಲ್ಲಿ ಡೀಸೆಲ್ ಖರ್ಚು ಕಳೆದು ಬೋಟಿಗೊಂದು ಪಾಲು, ಜನಕ್ಕೊಂದು ಪಾಲು.

ಆ ಮಧ್ಯಾಹ್ನ ಮಾಸ್ ಮಾಡುವುದನ್ನು ನೋಡಿದೆವು. ಚೂರವನ್ನು ಸೀಳಿ, ಮುಳ್ಳು ತೆಗೆದು, ಉದ್ದುದ್ದ ತುಂಡು ಮಾಡಿ ಕಡಲ ನೀರಿನಲ್ಲೇ ಬೇಯಿಸುತ್ತಾರೆ. ತೆಂಗಿನ ಸಿಪ್ಪೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಆಮೇಲೆ ದಿನಗಟ್ಟಲೆ ಬಿಸಿಲು. ಕೊನೆಗೆ ಕರೀಮರದ ತುಂಡಿನಂತೆ ಆಗುತ್ತದೆ, ಒಂದಕ್ಕೊಂದು ಬಡಿದರೆ ಟಕಟಕ ಸದ್ದು. ಫ್ರಿಜ್ಜು ಬೇಡ, ಕರೆಂಟು ಬೇಡ, ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಗಾಲದ ದಿನ ಅದನ್ನು ತುರಿದು ತೆಂಗಿನಕಾಯಿ, ನೀರುಳ್ಳಿ, ಮೆಣಸು ಸೇರಿಸಿ ಕಲಸಿದರೆ ಅನ್ನಕ್ಕೆ ಬೇರೆ ಏನೂ ಬೇಡ. ಅನ್ನ, ನೀರುಳ್ಳಿ ಮಂಗಳೂರಿನಿಂದ ಹೋದದ್ದು. ಮಾಸ್ ಮತ್ತು ಕಾಯಿ ಅವರದು. ಇದನ್ನು ಶ್ರೀಲಂಕಾದವರು ಬಹಳ ಇಷ್ಟಪಟ್ಟು ಕೊಳ್ಳುತ್ತಾರೆ. ನಮ್ಮ ಮನೆಗೆ ತಂದ ಅರ್ಧ ಕಿಲೋ ಒಂದೇ ತಿಂಗಳಲ್ಲಿ ಮುಗಿಯಿತು.

ಸಂಜೆ ತಂಡೇಲಜ್ಜನ ಜಗಲಿಯಲ್ಲಿ ನನಗೆ ಒಂದು ಆಶ್ಚರ್ಯ ಕಾದಿತ್ತು. ಗೂಡಿನಿಂದ ಅವರು ಒಂದು ಪುಸ್ತಕ ತೆಗೆದರು. ಲೆಕ್ಕದ ಪುಸ್ತಕ! ಅಂಕಣ ಎಳೆದ ಹಾಳೆಗಳು. ತಾರೀಕು, ಚಾಳ ಹಿಡಿದ ಜಾಗ, ಯಾವ ಜಾತಿ, ಎಷ್ಟು ಹೊತ್ತು ಹುಡುಕಿದ್ದು, ಚೂರ ಎಷ್ಟು ಕಿಲೋ, ಡೀಸೆಲ್ ಎಷ್ಟು ಲೀಟರ್. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಎಂಬ ಸಂಸ್ಥೆ ಲಕ್ಷದ್ವೀಪದ ಮೀನುಗಾರರ ಜೊತೆ ಸೇರಿ ಇಂತಹ ಲೆಕ್ಕ ಇಡುವ ಕ್ರಮ ಬೆಳೆಸಿದೆ. ಬರೆಯುವವರು ಮೀನುಗಾರರೇ. ನಾನು ಜೀವಮಾನವಿಡೀ ಲೆಡ್ಜರ್ ನೋಡಿದವನು. ಯಾವ ಪುಟವನ್ನು ರಾತ್ರಿ ಕೂತು ಒಟ್ಟಿಗೇ ತುಂಬಿದ್ದು, ಯಾವುದನ್ನು ದಿನದಿನವೂ ಬರೆದದ್ದು ಎಂದು ಶಾಯಿ ನೋಡಿಯೇ ಹೇಳಬಲ್ಲೆ. ಇದು ದಿನದಿನವೂ ಬರೆದದ್ದು. ಕೆಲವು ಕಡೆ ಮೀನಿನ ಎಣ್ಣೆಯ ಬೆರಳಚ್ಚೂ ಇತ್ತು. ಪುಟ ಹಿಂದೆ ತಿರುವಿದಂತೆ ಒಂದು ವಿಷಯ ಎದ್ದು ಕಂಡಿತು. ಮೊದಲ ಪುಟಗಳಲ್ಲಿ ಚಾಳಕ್ಕೆ ಒಂದು ಗಂಟೆ ಹುಡುಕಾಟ. ಈಚಿನ ಪುಟಗಳಲ್ಲಿ ಎರಡು, ಕೆಲವೊಮ್ಮೆ ಮೂರು.

“ಯಾಕೆ ಹೀಗೆ?” ಎಂದು ಕೇಳಿದೆ. ತಂಡೇಲಜ್ಜ ಲಗೂನಿನ ಕಡೆ ಕೈ ತೋರಿಸಿ “ಚೂಡು” ಎಂದರು. ಬಿಸಿ.

ಹವಳದ ಪಾಚಿಯ ಕತೆ ಹೇಳಿದೆನಲ್ಲ, ಅದರ ದುಃಖದ ಭಾಗ ಇದು. ಕಡಲಿನ ನೀರು ಬೇಸಗೆಯ ಮಾಮೂಲಿ ಬಿಸಿಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೂ ಹವಳ ಕಂಗೆಟ್ಟು ತನ್ನ ಬಾಡಿಗೆದಾರ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಬೇಗ ತಣ್ಣಗಾದರೆ ಪಾಚಿ ಮರಳುತ್ತದೆ, ಇಲ್ಲವಾದರೆ ಹವಳ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ ಹೀಗಾಯಿತು. ಮತ್ತೆ 2010, ಮತ್ತೆ 2016, ಮತ್ತೆ 2024. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ದಿಬ್ಬಗಳನ್ನು 24 ವರ್ಷ ಅಳೆದು ನೋಡಿದ್ದಾರೆ. 1998ರಲ್ಲಿ ದಿಬ್ಬದ ಶೇಕಡಾ 37ರಷ್ಟು ಜಾಗದಲ್ಲಿ ಜೀವಂತ ಹವಳವಿತ್ತು. 2022ರಲ್ಲಿ ಅದು ಶೇಕಡಾ 19. ಅರ್ಧಕ್ಕೆ ಅರ್ಧ ಹೋಯಿತು. ನಡುವೆ ಆರು ವರ್ಷವಾದರೂ ಬಿಸಿಯ ಹೊಡೆತ ಬೀಳದಿದ್ದರೆ ಹವಳ ಚುರುಕಾಗಿ ಚೇತರಿಸಿಕೊಳ್ಳುತ್ತದೆ ಎಂದೂ ಅವರು ಕಂಡಿದ್ದಾರೆ. ಅಷ್ಟು ಪುರಸೊತ್ತು ಕಡಲು ಕೊಡಬೇಕಲ್ಲ.

ಈ ಬಿಸಿಯನ್ನು ದ್ವೀಪದವರು ಮಾಡಿದ್ದಲ್ಲ. ಇಡೀ ದ್ವೀಪಕ್ಕೆ ಒಂದೇ ಉದ್ದದ ರಸ್ತೆ, ಹೆಚ್ಚಿನವರಿಗೆ ಸೈಕಲ್ಲು, ಸ್ಕೂಟರು. ಹೊಗೆ ನಮ್ಮಂತಹ ನಗರಗಳದು, ದೂರದ ಕಾರ್ಖಾನೆಗಳದು. ನಾಲ್ಕು ಮೀನು ಗಳದಲ್ಲಿ ಹಿಡಿಯುವವರ ಮೇಲೆ ಈ ಸಾಲ ಬಿದ್ದಿದೆ. ಜಾಮೀನಿಗೆ ಸಹಿ ಹಾಕದವನಿಂದ ವಸೂಲಿ ಮಾಡಿದ ಹಾಗೆ. ಬ್ಯಾಂಕಿನಲ್ಲಿ ಇಂತಹ ವಸೂಲಿಗೆ ಯಾವ ಕಾನೂನೂ ಒಪ್ಪದು.

ಅವರ ಕೈಯಲ್ಲಿ ಇರುವುದು ಇನ್ನೊಂದು. ದಿಬ್ಬದ ಮುರು ಮೀನಿಗೆ ಈಗ ಹೊರಗೆ ಒಳ್ಳೆಯ ಬೆಲೆ. ಮಂಜುಗಡ್ಡೆ ಹಾಕಿ ಪೇಟೆಗೆ ಕಳಿಸುವ ವ್ಯಾಪಾರ ಕೆಲವು ವರ್ಷಗಳಿಂದ ಬೆಳೆಯುತ್ತಿದೆ. ಬೇಸಗೆಯಲ್ಲೇ ದಿಬ್ಬದ ಮೀನನ್ನು ಪೇಟೆಗೆ ಕಳಿಸಿದರೆ ಮಳೆಗಾಲದಲ್ಲಿ ಮನೆಯವರಿಗೆ ಏನುಳಿಯುತ್ತದೆ? ಗಿಳಿಮೀನೂ ಅದರ ಜೊತೆ ಹೋದರೆ ಕಲ್ಲಿನ ಪಾಚಿ ತಿನ್ನುವವರು ಯಾರು, ಹೊಸ ಹವಳ ಬೇರೂರುವುದೆಲ್ಲಿ? ತಂಡೇಲಜ್ಜನ ಮಗ ಮತ್ತು ಅವರ ನಡುವೆ ಈ ವಿಷಯಕ್ಕೆ ಜಗಲಿಯಲ್ಲೇ ಸಣ್ಣ ಜಗಳವಾಯಿತು. ಮಗನದೂ ತಪ್ಪೆನ್ನಲಾರೆ. ಮಕ್ಕಳನ್ನು ಕೊಚ್ಚಿಯಲ್ಲಿ ಓದಿಸುವ ಖರ್ಚು ಚೂರದಿಂದಷ್ಟೇ ಹುಟ್ಟುವುದಿಲ್ಲ. ಗಳದಲ್ಲಿ ಹಿಡಿದ ಟ್ಯೂನಾಕ್ಕೆ ಹೊರದೇಶಗಳಲ್ಲಿ ಹೆಚ್ಚಿನ ಬೆಲೆ ಕೊಡುವವರಿದ್ದಾರೆ; ಮಾಲ್ಡೀವ್ಸ್ ತನ್ನ ಗಳದ ಮೀನುಗಾರಿಕೆಗೆ 2012ರಲ್ಲೇ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದು ಆ ಹೆಸರಿನಲ್ಲೇ ಮಾರುತ್ತದೆ. ನಮ್ಮ ದ್ವೀಪದ ಮೀನು ಕೂಡ ಹೀಗೆಯೇ ಬಂದದ್ದು, ಆದರೆ ಅದು ಹತ್ತರಲ್ಲಿ ಹನ್ನೊಂದನೆಯ ಟ್ಯೂನಾ ಆಗಿ ಮಾರಾಟವಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅಪ್ಪ ಮಗನ ಜಗಳ ತೀರುವುದು ಈ ಬೆಲೆ ಸರಿಯಾದಾಗ.

ನಮ್ಮ ಕರಾವಳಿಯಲ್ಲಿ ಇಂತಹ ಜಗಳ ನಾನು ಮೊದಲೇ ನೋಡಿದ್ದೇನೆ. ನಾನು ಚಿಕ್ಕವನಿದ್ದಾಗ ರಂಪಣಿ ಎಂಬ ಭಾರೀ ಬಲೆ ಇತ್ತು. ದಡದಿಂದ ದೋಣಿಯಲ್ಲಿ ಸುತ್ತು ಹಾಕಿ ಬಂದು, ಊರಿಗೆ ಊರೇ ಎರಡು ಸಾಲಾಗಿ ನಿಂತು ಎಳೆಯಬೇಕು. ಎಳೆದ ಎಲ್ಲರಿಗೂ ಬಂಗುಡೆ, ಬೂತಾಯಿಯ ಪಾಲು. ದಡಕ್ಕೆ ಬಂದ ಮೀನು ಮಾತ್ರ ನಮ್ಮದು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಸುತ್ತುವರಿಯತೊಡಗಿದವು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ; ಬೋಟು ಸಾಲದ ಖಾತೆಗಳನ್ನು ಬರೆಯುತ್ತಿದ್ದವರಲ್ಲಿ ನಾನೂ ಒಬ್ಬ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸೇರಿತು. ಈಗ ಜೂನ್, ಜುಲೈ ಎರಡು ತಿಂಗಳು, 61 ದಿನ, ಯಂತ್ರದ ಬೋಟು ಕಡಲಿಗೆ ಇಳಿಯಬಾರದೆಂದು ಕಾಯಿದೆ. ರಾತ್ರಿ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನು 2017ರಲ್ಲಿ ಕೇಂದ್ರ ಸರಕಾರ ನಿಷೇಧಿಸಿದೆ. ಕಾಯಿದೆ ಇದೆ, ಕಾಯುವವರು ಬೇಕು. ಹವಳ ನೋಡಲು ಲಕ್ಷದ್ವೀಪದವರೆಗೆ ಹೋಗಲಾಗದ ಕನ್ನಡದ ಮಕ್ಕಳು ಮುರುಡೇಶ್ವರದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ, ಅದರ ಬುಡದಲ್ಲೂ ಹವಳವಿದೆ. ಹವಳ ಮುರಿದು ತರುವಂತಿಲ್ಲ, ವನ್ಯಜೀವಿ ಕಾಯಿದೆಯಲ್ಲಿ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ನಮ್ಮ ಮೊಮ್ಮಗಳು ದಡದಲ್ಲಿ ಬಿದ್ದಿದ್ದ ಬಿಳಿ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ತಂಡೇಲಜ್ಜ ಅದನ್ನು ಅವಳ ಕೈಯಿಂದಲೇ ನೀರಿಗೆ ಹಾಕಿಸಿದರು. ಅಳು ಬಂದಿತ್ತು, ಅತ್ತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಮತ್ತೆ ದಡಕ್ಕೆ ಹೋದೆವು. ಬೋಟು ಲಗೂನಿನಲ್ಲಿ ಮೂರು ಕಡೆ ಬಲೆ ಹಾಕಿ ನೋಡಿ ಹಿಂದೆ ಬಂದಿತ್ತು. ಚಾಳ ಸಿಕ್ಕಿರಲಿಲ್ಲ. ಚಾಳವಿಲ್ಲದೆ ಹೊರಗಡಲಿಗೆ ಹೋಗಿ ಪ್ರಯೋಜನವಿಲ್ಲ, ಡೀಸೆಲ್ ದಂಡ. ಉತ್ತರದ ಮೂಲೆಯಲ್ಲಿ ಸ್ವಲ್ಪ ಇದೆ ಎಂದು ಒಬ್ಬ ಹುಡುಗ ಹೇಳಿದ. ಅದನ್ನು ಮುಟ್ಟುವುದು ಬೇಡ, ಹತ್ತು ದಿನ ಬಿಡೋಣ ಎಂದು ಹಿರಿಯರು ಮಾತಾಡಿಕೊಂಡರು. ಏಳು ಜನ ಗಳಗಳನ್ನು ಒರೆಸಿ ತೆಂಗಿನ ಮರಕ್ಕೆ ಒರಗಿಸಿಟ್ಟರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

ತಂಡೇಲಜ್ಜ ಮಗುಚಿಟ್ಟ ದೋಣಿಯ ಮೇಲೆ ಕುಳಿತು ಪುಸ್ತಕ ತೆರೆದರು. ತಾರೀಕು ಹಾಕಿದರು. ಚಾಳದ ಅಂಕಣದಲ್ಲಿ ಸೊನ್ನೆ, ಚೂರದ ಅಂಕಣದಲ್ಲಿ ಸೊನ್ನೆ, ಡೀಸೆಲ್ ನಾಲ್ಕು ಲೀಟರ್. ಬಗ್ಗಿ ನೋಡುತ್ತಿದ್ದ ಮೊಮ್ಮಗಳು “ಏನೂ ಸಿಗದಿದ್ದರೂ ಯಾಕೆ ಬರೆಯುವುದು?” ಎಂದು ನನ್ನ ಮೂಲಕ ಕೇಳಿಸಿದಳು. ಅವರು ಪೆನ್ನನ್ನು ಅವಳ ಕೈಗೆ ಕೊಟ್ಟು, ಹುಡುಕಿದ ಹೊತ್ತಿನ ಅಂಕಣ ತೋರಿಸಿ, ಮೂರು ಬೆರಳು ಎತ್ತಿದರು. ಅವಳು ತನ್ನ ಶಾಲೆಯ ದುಂಡಗಿನ ಅಕ್ಷರದಲ್ಲಿ ಅಲ್ಲಿ 3 ಎಂದು ಬರೆದಳು.